ಸೂರ್ಯನಿಗೆ ಬೆನ್ನು ಹಾಕಿದ ಫೋಟೋ

"ಆ ಕ್ಯಾಮರಾ ಈ ಕಡೆ ಎಸಿ! ಇಲ್ಲಾಂದ್ರೆ ಈ ಮುದುಕನ ಕತೆ ಇಲ್ಲೇ ಮುಗೀತು!"

ಪಿಸ್ತೂಲು ಫೋಟೋಗ್ರಾಫರ್ ಅಜ್ಜನ ಕುತ್ತಿಗೆಯ ಮೇಲಿತ್ತು.

ಸೂರ್ಯ ಪೂರ್ವ ಕರಾವಳಿಯ ಸಮುದ್ರದಿಂದ ಮೇಲೆ ಬಂದು ಸ್ವಲ್ಪ ಹೊತ್ತಾಗಿತ್ತು. ಫೋಟೋ ತೆಗೆಯಲು ಬಂದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು. ಮರಳಿನ ಮೇಲೆ ಉಳಿದವರು ನಾವು ಮೂವರೇ.

ನಾನು ಪ್ರೈವೇಟ್ ಡಿಟೆಕ್ಟಿವ್. ಎಲ್ಲರನ್ನೂ ಅನುಮಾನಿಸುವುದೇ ನನ್ನ ಹೊಟ್ಟೆಪಾಡು!

ಎಂಟು ದಿನದ ಹಿಂದೆ ಸೂರ್ಯೋದಯದ ಹೊತ್ತಿಗೆ ಇದೇ ಬೀಚಿನ ಕಲ್ಲಿನ ಮೆಟ್ಟಿಲಿಂದ ಒಬ್ಬ ಹೋಟೆಲ್ ಮಾಲೀಕ ಬಿದ್ದು ಸತ್ತ. ಹೆಣದ ಪಕ್ಕ ನಿಂತಿದ್ದ ಅವನ ಡ್ರೈವರ್‌ನನ್ನು, ತಳ್ಳಿದವನು ನೀನೇ ಎಂದು ಪೊಲೀಸರು ಎಳೆದೊಯ್ದರು. ಡ್ರೈವರ್‌ನ ಅಕ್ಕ ನನ್ನ ಆಫೀಸಿಗೆ ಬಂದು, "ನನ್ನ ತಮ್ಮ ಇರುವೆ ತುಳಿಯೋಕೂ ಹಿಂದೆ ಮುಂದೆ ನೋಡೋನು ಸಾರ್" ಎಂದು ಅತ್ತಳು. ಕೇಸು ಒಪ್ಪಿಕೊಂಡೆ.

ಆ ಹೊತ್ತಿಗೆ ಬೀಚಿನಲ್ಲಿ ನಲವತ್ತು ಕ್ಯಾಮರಾಗಳಿದ್ದವು. ಆದರೆ ಎಲ್ಲವೂ ಸೂರ್ಯನ ಕಡೆ! ಕೊಲೆ ನಡೆದದ್ದು ಅವರೆಲ್ಲರ ಬೆನ್ನ ಹಿಂದೆ...

ನಾಲ್ಕು ದಿನ ನಾನೂ ಒಂದು ಕ್ಯಾಮರಾ ಎರವಲು ತಂದು ಟ್ರೈಪಾಡ್ ಊರಿ ನಿಂತೆ. ಕಣ್ಣಿಗೆ ಬಿದ್ದವನು ಸತ್ತವನ ಭಾವಮೈದುನ. ದಿನಾ ಬರುತ್ತಿದ್ದ. ಕೊರಳಲ್ಲಿ ದುಬಾರಿ ಕ್ಯಾಮರಾ. ನಾಲ್ಕೂ ದಿನ ಲೆನ್ಸಿನ ಮುಚ್ಚಳ ಮಾತ್ರ ತೆಗೆದಿರಲಿಲ್ಲ!

ಈ ಬೆಳಿಗ್ಗೆ ಸ್ಟುಡಿಯೋ ಅಜ್ಜನನ್ನು ಮಾತಿಗೆಳೆದೆ. ಸ್ಟುಡಿಯೋ ಮುಚ್ಚಿದ ಮೇಲೂ ಹಳೇ ರೀಲ್ ಕ್ಯಾಮರಾ ಬಿಡದ ಆಸಾಮಿ.

"ದಿನಕ್ಕೆ ಒಂದೇ ಫೋಟೋ ಕಣಪ್ಪ. ಸೂರ್ಯ ಬಂದ ತಕ್ಷಣ ನಾನು ಹಿಂದಕ್ಕೆ ತಿರುಗ್ತೀನಿ. ಮೊದಲ ಬೆಳಕು ಬಿದ್ದ ಜನರ ಮುಖ ಇದೆಯಲ್ಲ... ಸೂರ್ಯ ಅದರ ಮುಂದೆ ಏನೂ ಅಲ್ಲ!"

"ಅವತ್ತೂ ತೆಗೆದ್ರಾ?"

"ತೆಗೀದೇ ಏನು? ರೀಲ್ ಇನ್ನೂ ಮುಗಿದಿಲ್ಲ. ತೊಳೆದಿಲ್ಲ."

ಭಾವಮೈದುನ ಅದನ್ನು ಕೇಳಿಸಿಕೊಂಡಿದ್ದ. ಉಳಿದವರು ಹೋಗುವವರೆಗೆ ಕಾದ, ಅಷ್ಟೇ.

ನೋಡಲೆಂದು ಅಜ್ಜ ನನ್ನ ಕೈಗೆ ಕೊಟ್ಟಿದ್ದ ಆ ಕ್ಯಾಮರಾವನ್ನು ಎಸೆದೆ. ಅವನು ಒಂದೇ ಕೈಯಲ್ಲಿ ಅದನ್ನು ತಿರುವಿ ಮುರುವಿ ನೋಡಿದ.

"ಡಿಲೀಟ್ ಬಟನ್ ಎಲ್ಲಿ?"

"ಅಯ್ಯೋ, ಹಿಂದಿನ ಬಾಗಿಲು ಮಾತ್ರ ತೆಗೀಬೇಡಿ ಸ್ವಾಮಿ!" ಅಜ್ಜ ಗೋಗರೆದರು. "ಬಿಸಿಲು ಬಿದ್ರೆ ಎಲ್ಲಾ ಹೋಗುತ್ತೆ!"

ನನ್ನ ಮೈ ಉರಿದುಹೋಯಿತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟರಲ್ಲ! ಈ ಮುದುಕನೂ ಅವನ ಕಡೆಯವನೇ?

ಅವನು ಬಾಗಿಲು ತೆಗೆದ. ಕಂದು ಬಣ್ಣದ ರೀಲು ಬಿಸಿಲಿಗೆ ಹೊಳೆಯಿತು. ಡ್ರೈವರ್‌ನ ಅಕ್ಕನಿಗೆ ಇನ್ನೇನು ಹೇಳಲಿ?

"ಹೋಯ್ತು ನಿನ್ನ ಸಾಕ್ಷಿ!"

ನಕ್ಕ. ಪಿಸ್ತೂಲು ಒಂದು ಗೇಣು ಕೆಳಗಿಳಿಯಿತು.

ನನಗೆ ಅಷ್ಟು ಸಾಕಿತ್ತು. ಟ್ರೈಪಾಡ್ ಬೀಸಿದೆ. ಪಿಸ್ತೂಲು ಮರಳಿಗೆ ಬಿತ್ತು... ಅವನು ಓಟ ಕಿತ್ತ! ನಾನೂ ಬಿಡಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಹಿಡಿದು ಕೆಡವಿದೆ. ಇಬ್ಬರೂ ಉಪ್ಪುನೀರು ಕುಡಿದೆವು. ಅವನು ಸ್ವಲ್ಪ ಜಾಸ್ತಿ.

ತಿರುಗಿ ನೋಡಿದರೆ ಅಜ್ಜ ಕ್ಯಾಮರಾದ ಬಾಗಿಲು ಮುಚ್ಚಿ, ಅಂಗಿಯ ತುದಿಯಿಂದ ಮರಳು ಒರೆಸುತ್ತಿದ್ದರು. ಮುಖದಲ್ಲಿ ತುಂಟ ನಗೆ.

ಮಧ್ಯಾಹ್ನ ಅವರ ಮನೆಯ ಬಚ್ಚಲಲ್ಲಿ ರೀಲು ತೊಳೆದಾಯಿತು. ಸಂಜೆ ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರ್ ಫೋಟೋವನ್ನು ಮೇಜಿನ ಮೇಲಿಟ್ಟರು. ಮುಂದೆ ಹೊಂಬೆಳಕಿನ ಮುಖಗಳು. ಹಿಂದೆ ಮೆಟ್ಟಿಲ ತುದಿಯಲ್ಲಿ ಭಾವ, ಅವನ ಬೆನ್ನಿನ ಮೇಲೆ ಭಾವಮೈದುನನ ಎರಡೂ ಕೈ! ಡ್ರೈವರ್‌ನ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಈ ಸಲದ ಅಳು ಬೇರೆ.

ಭಾವಮೈದುನ ಲಾಕಪ್ಪಿನ ಸರಳು ಹಿಡಿದು ನಿಂತಿದ್ದ.

"ಬಿಸಿಲು ಬಿದ್ದಿತ್ತಲ್ಲ... ನಾನೇ ನೋಡಿದ್ನಲ್ಲ!"

"ಈ ಕ್ಯಾಮರಾ ರೀಲ್ ಹಾಕಿದ ತಕ್ಷಣ ಅದನ್ನ ಡಬ್ಬಿಯಿಂದ ಪೂರ್ತಿ ಹೊರಗೆ ಎಳ್ಕೊಳ್ಳುತ್ತೆ," ಎಂದೆ. "ಫೋಟೋ ತೆಗೆದ ಹಾಗೆ ಒಂದೊಂದನ್ನೇ ಡಬ್ಬಿಯೊಳಗೆ ವಾಪಸ್ ಸೇರಿಸುತ್ತೆ. ತೆಗೆದಿದ್ದೆಲ್ಲ ಭದ್ರವಾಗಿತ್ತು, ಅದು ಅಜ್ಜನಿಗೆ ಗೊತ್ತಿತ್ತು. ನೀನು ಹಾಳು ಮಾಡಿದ್ದು ಇನ್ನೂ ತೆಗೀದೇ ಇದ್ದ ಹದಿನಾಲ್ಕು ಸೂರ್ಯೋದಯಗಳನ್ನ."

ಅವನು ಸರಳಿಗೆ ಹಣೆ ಚಚ್ಚಿಕೊಂಡ.

"ಅದಕ್ಕೆಲ್ಲ ಬೇಜಾರು ಮಾಡ್ಕೋಬೇಡ," ಎಂದೆ. "ನಿನ್ನ ಸೆಲ್ಲಿನ ಕಿಟಕಿ ಇರೋದು ಪಶ್ಚಿಮಕ್ಕೆ!"