ಕೆಂಪು ಅಂಗೈಯ ಪದಕ

ಸಾರಿನ ಡಬ್ಬಿ ಇಟ್ಟ ಜಾಗದಲ್ಲೇ ಇತ್ತು.

ಯಾಮಿನಿ ಬಾಗಿಲಲ್ಲೇ ನಿಂತಳು. ನಿನ್ನೆ ಸಂಜೆ ಚಪ್ಪಲಿ ಗೂಡಿನ ಮೇಲೆ ಅವಳೇ ಇಟ್ಟು ಹೋಗಿದ್ದ ಸ್ಟೀಲ್ ಡಬ್ಬಿ. ಮುಚ್ಚಳವನ್ನೂ ಯಾರೂ ತೆಗೆದಿರಲಿಲ್ಲ. ಬೆಳಕು ಹರಿದು ಎಷ್ಟೋ ಹೊತ್ತಾಗಿದ್ದರೂ ಒಳಗೆ ದೀಪ ಉರಿಯುತ್ತಿತ್ತು.

"ಸೆನ್ಸೇ?"

ಉತ್ತರವಿಲ್ಲ. ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿತ್ತು. ತಳ್ಳಿದಳು. ತೊಟ್ಟಿಯ ನೀರು ತಣ್ಣಗಾಗಿತ್ತು. ಅದರೊಳಗೆ ಡೆನಿಸ್ ಕಿಲ್ವಾರಾ ಮಗ್ಗುಲಾಗಿ ಮುಳುಗಿದ್ದರು. ಬಿಳಿಯ ಕೂದಲು ಮಾತ್ರ ಮೇಲೆ ತೇಲುತ್ತಿತ್ತು.

ಟೋಕಿಯೋದ ಓಜಿಮಾ ವಸತಿ ಸಮುಚ್ಚಯದಲ್ಲಿ ಅವರನ್ನು ತಿಳಿಯದವರಿರಲಿಲ್ಲ. ಐರ್ಲೆಂಡಿನವರು. ಜಪಾನಿ ಹೆಂಡತಿ ತೀರಿಕೊಂಡ ಮೇಲೆ ಕೆಳಗಿನ ಅಂತಸ್ತಿನ ಮನೆಯಲ್ಲಿ ಒಬ್ಬರೇ ಇದ್ದರು. ಭಾರತೀಯರ ಮಕ್ಕಳಿಗೆಲ್ಲ ಅವರೇ ಇಂಗ್ಲಿಷ್ ಮೇಷ್ಟ್ರು, ಎಲ್ಲರ ಬಾಯಲ್ಲೂ ಜಪಾನಿಯ 'ಸೆನ್ಸೇ'. ಯಾಮಿನಿಯ ಮಗಳು ಶ್ರೀರಕ್ಷಾಳಿಗೂ ಅವರದೇ ಪಾಠ. ನಾಲ್ಕನೇ ಅಂತಸ್ತಿನಲ್ಲಿದ್ದ ಯಾಮಿನಿ ಸಮುಚ್ಚಯದ ಹಾಲ್‌ನಲ್ಲಿ ಭರತನಾಟ್ಯ ಕಲಿಸುತ್ತಿದ್ದಳು. ಸಾರು ಮಾಡಿದಾಗಲೆಲ್ಲ ಮುದುಕರಿಗೊಂದು ಡಬ್ಬಿ ಕೊಡುವುದು ರೂಢಿ. ಅವರು ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ.

ಪೊಲೀಸರು ಬಂದರು. ಅಧಿಕಾರಿಯ ಹೆಸರು ಹಯಾಮಿ. ಕಡಿಮೆ ಮಾತಿನ ಹೆಂಗಸು. ಚಳಿಗಾಲ, ಬಿಸಿ ನೀರು, ವಯಸ್ಸಾದ ಹೃದಯ. ಈ ದೇಶದಲ್ಲಿ ಹೀಗೆ ಹೋಗುವವರು ಬಹಳ ಎಂದು ತಲೆಬಾಗಿ ಹೇಳಿದಳು. ನೀವು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿದಳು.

ನೋಡಲಿಲ್ಲ, ಮಾತಾಡಿದೆ ಎಂದಳು ಯಾಮಿನಿ. ನಿನ್ನೆ ಸಂಜೆ ಬಂದಾಗ ಒಳಗೆ ನೀರಿನ ಸದ್ದಿತ್ತು. ಸಾರು ಇಟ್ಟಿದ್ದೇನೆ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಒಳಗಿನಿಂದ 'ಥ್ಯಾಂಕ್ ಯೂ, ಮ್ಯಾಡಮ್' ಎಂಬ ಉತ್ತರ ಬಂತು.

ಹೇಳುತ್ತಿದ್ದ ಹಾಗೇ ಅವಳ ಕಣ್ಣು ವಾಶ್‌ಬೇಸಿನ್ ಮೇಲಿನ ಗೂಡಿಗೆ ಹೋಯಿತು. ಅಲ್ಲಿ ಹತ್ತಿಯ ಮೇಲೆ ಮುದುಕರ ಶ್ರವಣಯಂತ್ರ ಇತ್ತು. ಎರಡೂ ಕಿವಿಯದು.

ಯಾಮಿನಿ ಗೂಡಿನ ಹತ್ತಿರ ಹೋಗಿ ನೋಡಿದಳು.

ಅದು ಕಿವಿಯಲ್ಲಿಲ್ಲದಿದ್ದರೆ ಅವರಿಗೆ ಬಾಗಿಲ ಬೆಲ್ ಕೂಡ ಕೇಳಿಸುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟಿದ್ದರು. ನೀರಿನ ಸದ್ದಿನ ನಡುವೆ ಅವಳು ಕೂಗಿದ್ದು ಅವರಿಗೆ ಕೇಳಿಸಿರಲು ಸಾಧ್ಯವೇ ಇರಲಿಲ್ಲ.

"ಹಯಾಮಿ ಸಾನ್," ಎಂದಳು. "ನನಗೆ ಉತ್ತರ ಕೊಟ್ಟಿದ್ದು ಅವರಲ್ಲ."

ಅಧಿಕಾರಿಯ ಪೆನ್ನು ನಿಂತಿತು.

* * *

ಏನಾದರೂ ಕಳುವಾಗಿದೆಯೇ ನೋಡಿ ಎಂದಳು ಹಯಾಮಿ. ಯಾಮಿನಿ ಕಪಾಟಿನ ಟೀ ಡಬ್ಬಿ ತೆಗೆದಳು. ಖಾಲಿ.

ಅದರಲ್ಲೊಂದು ಪದಕ ಇರುತ್ತಿತ್ತು. ಕಿತ್ತಳೆ ಬಣ್ಣದ ಪಟ್ಟಿ, ಅದಕ್ಕೆ ನೀಲಿ ಅಂಚು. ನಡುವೆ ಗುರಾಣಿಯ ಮೇಲೆ ಒಂದು ಕೆಂಪು ಅಂಗೈ. ಮುದುಕರು ಅವಳಿಗೊಮ್ಮೆ ತೋರಿಸಿದ್ದರು. ಅವರು ಬ್ಯಾರೊನೆಟ್. ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ. ನೈಟ್ ಆದವನ 'ಸರ್' ಅವನ ಜೊತೆಗೇ ಮುಗಿಯುತ್ತದೆ, ಬ್ಯಾರೊನೆಟ್‌ನ 'ಸರ್' ವಂಶದಲ್ಲಿ ಇಳಿದು ಬರುತ್ತದೆ ಎಂದು ವಿವರಿಸಿದ್ದರು. ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನ ರಾಜನಿಗೆ ಐರ್ಲೆಂಡಿನ ಅಲ್ಸ್ಟರ್ ಸೀಮೆಯಲ್ಲಿ ಸೈನ್ಯ ಇಡಬೇಕಿತ್ತು. ಖಜಾನೆ ಬರಿದಾಗಿತ್ತು. ಆಗ ಹುಟ್ಟಿಸಿದ ಪದವಿ ಇದು. ಅಲ್ಸ್ಟರಿನ ಕೆಂಪು ಕೈಯೇ ಇದರ ಗುರುತಾಯಿತು.

ಇದು ನಿಮ್ಮ ನಾಟ್ಯದ ಯಾವ ಮುದ್ರೆ ಎಂದು ಅವರು ಕೇಳಿದ್ದರು. ಅರ್ಧಚಂದ್ರ ಎಂದಿದ್ದಳು ಯಾಮಿನಿ, ಹೆಬ್ಬೆರಳು ಚಾಚಿದೆಯಲ್ಲ. ಅವರು ನಕ್ಕು, ಅಲ್ಸ್ಟರಿನವರದು ಬಲಗೈ, ಬ್ಯಾರೊನೆಟ್ ಪದಕದ್ದು ಎಡಗೈ, ನಕಲಿ ಮಾಡುವವರೆಲ್ಲ ಇಲ್ಲೇ ಎಡವುವುದು ಎಂದಿದ್ದರು. ಪದಕ ತಿರುಗಿಸಿ ಹಿಂದೆ ಕೊರೆದ ಮನೆತನದ ಹೆಸರನ್ನೂ ತೋರಿಸಿದ್ದರು.

ಇದೆಲ್ಲವನ್ನೂ ಹಯಾಮಿ ಬರೆದುಕೊಂಡಳು. ಹೋಗುವ ಮುಂಚೆ, ಬಾಗಿಲು ಭದ್ರ ಮಾಡಿಕೊಳ್ಳಿ ಎಂದಳು. ನಿಮ್ಮ ದನಿ ಒಳಗಿದ್ದವನಿಗೂ ಕೇಳಿಸಿದೆ.

* * *

ಯಾಮಿನಿಯ ಗಂಡ ಸಂದೀಪ ಹಮಾಮತ್ಸುವಿನಲ್ಲಿ ಕಾರು ಎಂಜಿನಿಯರ್. ವಾರದ ಕೊನೆಗೆ ಮಾತ್ರ ಮನೆಗೆ ಬರುತ್ತಿದ್ದ. ಫೋನಿನಲ್ಲಿ ವಿಷಯ ಕೇಳಿದ. ಶ್ರೀರಕ್ಷಾಳನ್ನು ಗೆಳತಿಯ ಮನೆಗೆ ಕಳಿಸು, ನಾನೂ ಬೇಗ ಹೊರಡುತ್ತೇನೆ ಎಂದ. ಮಗಳನ್ನು ಕಳಿಸಿ ಬಂದ ಮೇಲೆ ಮನೆ ಇನ್ನೂ ದೊಡ್ಡದಾಗಿ ಕಂಡಿತು.

ಅವಳ ಅನುಮಾನವೆಲ್ಲ ಒಬ್ಬರ ಮೇಲಿತ್ತು. ದ್ವಾರಕಾನಾಥ.

ಎಂಟನೇ ಅಂತಸ್ತಿನ ದ್ವಾರಕಾನಾಥ ಐಟಿ ಕಂಪನಿಯ ದೊಡ್ಡ ಮ್ಯಾನೇಜರ್. ಮೈಸೂರಿನವರು. ಹಿಂದಿನ ಭಾನುವಾರ ಮನೆಯಲ್ಲಿ ಔತಣ ಇಟ್ಟಿದ್ದರು. ತಾವು 'ಸರ್ ದ್ವಾರಕಾನಾಥ' ಆದ ಸಂತೋಷಕ್ಕೆ. ಗೋಡೆಯ ಮೇಲೆ ಹೊಸ ಫೋಟೋ. ಅದರಲ್ಲಿ ಅವರು ಮಂಡಿಯೂರಿದ್ದರು. ಟೋಕಿಯೋದಲ್ಲಿ ಗೌರವ ಪದವಿಗಳ ಮಂಡಲಿ ನಡೆಸುವ ಸರ್ ಜೂಲಿಯನ್ ಥಾರ್ನ್‌ಲಿ ಎಂಬಾತ ಅವರ ಹೆಗಲ ಮೇಲೆ ಕತ್ತಿ ಇಟ್ಟಿದ್ದ. ಆತನ ಕೊರಳಲ್ಲಿ ಬ್ಯಾರೊನೆಟ್ ಪದಕ.

ಡೆನಿಸ್ ಫೋಟೋ ನೋಡಿ ಜೋರಾಗಿ ನಕ್ಕಿದ್ದರು. ಬ್ಯಾರೊನೆಟ್‌ಗೆ ಇನ್ನೊಬ್ಬನನ್ನು ನೈಟ್ ಮಾಡುವ ಹಕ್ಕೇ ಇಲ್ಲ, ಅದು ಸಿಂಹಾಸನದಲ್ಲಿರುವವರ ಕೆಲಸ ಎಂದರು. ಪದಕದ ಕೈಯೂ ತಪ್ಪು, ನಿಜವಾದದ್ದು ನನ್ನ ಟೀ ಡಬ್ಬಿಯಲ್ಲಿದೆ, ಬಂದು ನೋಡಿ ಎಂದರು. ನಿಮ್ಮ ಬೆಂಗಳೂರಿನಲ್ಲಿ ಆಟೋದವರೂ ಎಲ್ಲರನ್ನೂ ಸರ್ ಅಂತಾರಂತಲ್ಲ, ಅದೇ ಮೇಲು ಎಂದಾಗ ಮನೆಯೆಲ್ಲ ನಕ್ಕಿತ್ತು. ದ್ವಾರಕಾನಾಥ ಮಾತ್ರ ನಗಲಿಲ್ಲ. ಈ ಮುದುಕನಿಗೆ ಮಾಡ್ತೀನಿ ಎಂದು ಹಲ್ಲು ಕಚ್ಚಿದ್ದನ್ನು ಯಾಮಿನಿ ಕೇಳಿಸಿಕೊಂಡಿದ್ದಳು.

ಮಧ್ಯಾಹ್ನ ಅವಳು ಲಿಫ್ಟ್ ಹತ್ತಿದಳು. ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಕೈ ಅಡ್ಡ ಬಂತು. ಮಣಿಕಟ್ಟಿಗೆ ಬ್ಯಾಂಡೇಜು. ದ್ವಾರಕಾನಾಥ ಒಳಗೆ ಬಂದು ಅವಳ ಪಕ್ಕ ನಿಂತರು. ಯಾವ ಗುಂಡಿಯನ್ನೂ ಒತ್ತಲಿಲ್ಲ.

"ಪೊಲೀಸರಿಗೆ ನನ್ನ ವಿಷಯ ಏನಾದ್ರೂ ಹೇಳಿದ್ರಾ?"

ಯಾಮಿನಿ ಎರಡನೇ ಅಂತಸ್ತಿನ ಗುಂಡಿ ಒತ್ತಿ, ಬಾಗಿಲು ತೆರೆದದ್ದೇ ಹೊರಗೆ ಓಡಿದಳು. ಮೆಟ್ಟಿಲು ಹತ್ತಿ ಮನೆ ಸೇರಿ ಚಿಲಕ, ಸರಪಳಿ ಎರಡನ್ನೂ ಹಾಕಿದಳು.

ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲ ಕ್ಯಾಮೆರಾದ ಪರದೆಯಲ್ಲಿ ದ್ವಾರಕಾನಾಥರ ಹೆಂಡತಿ ಸತ್ಯಭಾಮಾ. ಹಿಂದೆ ತಲೆ ತಗ್ಗಿಸಿಕೊಂಡು ಅವರು. ಯಾಮಿನಿ ಸರಪಳಿ ತೆಗೆಯದೆ ಸಂದಿಯಿಂದಲೇ ಮಾತಾಡಿದಳು. ಮಣಿಕಟ್ಟು ಸುಟ್ಟಿದ್ದು ಔತಣದ ದಿನ, ಬೋಂಡಾ ಕರಿಯುವ ಎಣ್ಣೆಯಿಂದ ಎಂದರು ಸತ್ಯಭಾಮಾ. ನಿನ್ನೆ ಸಂಜೆ ಇವರು ಆಫೀಸಿನಲ್ಲೇ ಇದ್ದರು, ಬೇಕಾದಷ್ಟು ಜನ ನೋಡಿದ್ದಾರೆ. ಪೊಲೀಸರು ವಿಚಾರಿಸಿಯೂ ಆಯಿತು. ಇವರೊಂದು ತಪ್ಪು ಮಾಡಿದ್ದಾರೆ, ಕೇಳಿಸಿಕೋ.

ದ್ವಾರಕಾನಾಥ ಹೇಳಿದರು. ಅವಮಾನ ತಡೆಯಲಾಗದೆ ಔತಣದ ಮಾರನೇ ದಿನವೇ ಜೂಲಿಯನ್‌ಗೆ ಫೋನ್ ಮಾಡಿದ್ದರು. ನಿಮ್ಮ ಪದಕ ಸುಳ್ಳಂತೆ, ಕೈ ತಪ್ಪಂತೆ, ನಿಜವಾದದ್ದು ಆ ಮುದುಕರ ಟೀ ಡಬ್ಬಿಯಲ್ಲಿದೆಯಂತೆ ಎಂದು ಎಲ್ಲವನ್ನೂ ಒಪ್ಪಿಸಿದ್ದರು. ವಿಳಾಸವನ್ನೂ ಕೊಟ್ಟಿದ್ದರು. ಅವರ ಜೊತೆ ಕೂತು ಮಾತಾಡಿ ಸರಿಮಾಡ್ತೀನಿ ಎಂದು ಜೂಲಿಯನ್ ಹೇಳಿದ್ದನಂತೆ.

"ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದ್ರು. ಆ ಮುದುಕರಿಗೆ ಸೂಪ್ ತಂದುಕೊಡೋ ಲೇಡಿ ಯಾರು ಅಂತ ಕೇಳಿದ್ರು."

ನಿನ್ನೆ ಸಾರು ಇಟ್ಟು ಬಂದ ವಿಷಯವನ್ನು ಯಾಮಿನಿ ಪೊಲೀಸರಿಗೆ, ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ನೀವೇನಂದ್ರಿ?"

"ಫೋರ್ತ್ ಫ್ಲೋರ್, ಡಾನ್ಸ್ ಟೀಚರ್ ಅಂದೆ." ದ್ವಾರಕಾನಾಥರ ಮುಖ ಬಿಳಿಚಿಕೊಂಡಿತು. "ಯಾಕೆ ಯಾಮಿನಿ ಅವ್ರೇ, ಹೇಳಬಾರದಿತ್ತಾ?"

* * *

ಅವರು ಹೋದ ಮೇಲೆ ಯಾಮಿನಿ ಚಿಲಕ ಹಾಕಿದಳು. ಬೆಲ್ ಮತ್ತೆ ಆಯಿತು.

ಯಾಮಿನಿ ಪರದೆ ನೋಡಿದಳು. ಮುಖ ಕಾಣಲಿಲ್ಲ. ಬೂದು ಬಣ್ಣದ ಕೋಟಿನ ಒಂದು ಹೆಗಲು ಮಾತ್ರ. ಅವನು ಕ್ಯಾಮೆರಾದ ಪಕ್ಕಕ್ಕೆ ಸರಿದು ನಿಂತಿದ್ದ. ಬಾಗಿಲ ಹಿಡಿ ಮೆಲ್ಲಗೆ ಕೆಳಗೆ ಹೋಯಿತು. ಮೇಲೆ ಬಂತು. ಮತ್ತೆ ಕೆಳಗೆ ಹೋಯಿತು.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತಳು. ಹೆಜ್ಜೆ ಸದ್ದು ದೂರವಾದ ಮೇಲೂ ಏಳಲಾಗಲಿಲ್ಲ. ಕುಳಿತಲ್ಲಿಂದಲೇ ಹಯಾಮಿಗೆ ಫೋನ್ ಮಾಡಿ, ಜೂಲಿಯನ್ ವಿಷಯವನ್ನೂ ಹೇಳಿದಳು.

ಹಯಾಮಿ ಬಂದು ಕಾವಲಿಗೊಬ್ಬರನ್ನು ನಿಲ್ಲಿಸಿದಳು. ದನಿ, ಹೆಗಲು ಇಷ್ಟರಿಂದ ಬಂಧಿಸಲಾಗದು ಎಂದಳು. ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಮರುದಿನ ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಜೂಲಿಯನ್ ಹೊಸಬರಿಗೆ ಪದವಿ ಕೊಡುವ ಸಮಾರಂಭ ಇತ್ತು. ಅವನ ಕೊರಳಲ್ಲಿ ಯಾವ ಪದಕ ಇದೆಯೆಂದು ಗುರುತಿಸಬಲ್ಲವರು ನೀವೊಬ್ಬರೇ, ಬರಲೇಬೇಕೆಂದೇನೂ ಇಲ್ಲ ಎಂದಳು.

ಯಾಮಿನಿ ಬಾಗಿಲ ಹಿಡಿಯನ್ನೇ ನೋಡುತ್ತಿದ್ದಳು. ಇಲ್ಲಿ ಕುಳಿತು ಅದು ಮತ್ತೆ ಅಲುಗುವುದನ್ನು ಕಾಯಲು ಅವಳಿಂದ ಆಗುತ್ತಿರಲಿಲ್ಲ. ಬರುತ್ತೇನೆ ಎಂದಳು.

* * *

ಹೋಟೆಲಿನ ಹಾಲ್ ತುಂಬಿತ್ತು. ಅವಳು ದ್ವಾರಕಾನಾಥ ದಂಪತಿಯ ಜೊತೆ ಒಳಗೆ ಹೋದಳು. ಹಯಾಮಿ ಮಫ್ತಿಯಲ್ಲಿ ಬಾಗಿಲ ಹತ್ತಿರ ನಿಂತಳು.

ಜೂಲಿಯನ್ ಎತ್ತರದ ಆಳು. ಅತಿಥಿಗಳ ಕೈಕುಲುಕುತ್ತ ಬಂದ. ಪಕ್ಕದ ಹೆಂಗಸು ಏನೋ ಹೊಗಳಿದಳು.

"ಥ್ಯಾಂಕ್ ಯೂ, ಮ್ಯಾಡಮ್."

ಅದೇ ದನಿ. ಅವನು ಈಗ ಯಾಮಿನಿಯ ಮುಂದೆ ನಿಂತಿದ್ದ. ಕಿತ್ತಳೆ ಪಟ್ಟಿಯ ಪದಕ ಅವಳ ಕಣ್ಣಿನ ಮಟ್ಟಕ್ಕೇ ಇತ್ತು. ಕೆಂಪು ಅಂಗೈ. ಹೆಬ್ಬೆರಳು ಅವಳ ಎಡಕ್ಕೆ ಚಾಚಿತ್ತು.

ಮಕ್ಕಳಿಗೆ ಎದುರಾಗಿ ನಿಂತು ಹಸ್ತ ಕಲಿಸುವವಳು ಅವಳು. ಎದುರಿನವರ ಅಂಗೈ ಯಾವುದೆಂದು ಲೆಕ್ಕ ಹಾಕಬೇಕಾಗಿರಲಿಲ್ಲ. ಎಡಗೈ.

"ನೀವೇ ಅಲ್ಲವೇ ಡಾನ್ಸ್ ಟೀಚರ್?" ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. ಕೈ ಅವಳ ಮೊಣಕೈ ಹಿಡಿದಿತ್ತು. "ಬನ್ನಿ, ಹೊರಗೆ ಸ್ವಲ್ಪ ಮಾತಾಡೋಣ."

ಹಿಡಿತ ಬಿಗಿಯಾಯಿತು. ಪಕ್ಕದ ಬಾಗಿಲಿಗೆ ಎಳೆಯುತ್ತಿದ್ದ. ಹಯಾಮಿ ಜನರ ಆಚೆ ದೂರದಲ್ಲಿದ್ದಳು. ಯಾಮಿನಿ ತರಗತಿಯಲ್ಲಿ ಎತ್ತುವ ದನಿಯನ್ನೇ ಎತ್ತಿದಳು. ಈ ಪದಕದ ಬಗ್ಗೆ ಒಂದು ಮಾತು ಕೇಳಬೇಕು ಎಂದಳು. ಹಾಲ್ ತಿರುಗಿ ನೋಡಿತು. ಮೊಣಕೈ ಮೇಲಿನ ಹಿಡಿತ ಸಡಿಲವಾಯಿತು.

ಅವಳು ತನ್ನ ಎಡಗೈಯನ್ನು ಜನರ ಕಡೆ ಚಾಚಿ ಪದಕದ ಪಕ್ಕ ಹಿಡಿದಳು. ಹೆಬ್ಬೆರಳು ಹೊಂದಿತು. ಆಮೇಲೆ ತನ್ನ ಫೋನಿನಲ್ಲಿದ್ದ, ದ್ವಾರಕಾನಾಥರ ಮನೆಯ ಗೋಡೆಯ ಫೋಟೋದ ಪ್ರತಿ ತೋರಿಸಿದಳು. ಅದರ ಪದಕದಲ್ಲಿ ಹೆಬ್ಬೆರಳು ಇನ್ನೊಂದು ಕಡೆ ಇತ್ತು.

"ಅವತ್ತು ಬಲಗೈ, ಇವತ್ತು ಎಡಗೈ. ಇದು ಬೇರೆ ಪದಕ. ಎಲ್ಲಿಂದ ಬಂತು?"

ಜೂಲಿಯನ್ ನಕ್ಕ. ಫೋಟೋ ಅಚ್ಚು ಹಾಕುವಾಗ ತಿರುವುಮುರುವಾಗಿದೆ ಎಂದ. ಕೆಲವರು ಹೌದೆಂದು ತಲೆಯಾಡಿಸಿದರು.

ದ್ವಾರಕಾನಾಥ ಜನರ ನಡುವಿನಿಂದ ಬಂದರು. ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಆ ಫೋಟೋದಲ್ಲಿ ಮಂಡಿಯೂರಿರುವವನು ನಾನು. ನಾನು ವಾಚು ಕಟ್ಟುವುದು ಎಡಗೈಗೆ. ಫೋಟೋದಲ್ಲೂ ಎಡಗೈಯಲ್ಲೇ ಇದೆ. ಅದು ತಿರುವುಮುರುವಾಗಿಲ್ಲ."

"ಸುಮಿಮಾಸೆನ್," ಎಂದು ಕ್ಷಮೆ ಕೋರಿದಳು ಹಯಾಮಿ. ಅಷ್ಟರಲ್ಲಿ ಅವಳು ಅವರ ನಡುವೆ ಇದ್ದಳು. "ಪದಕದ ಹಿಂಭಾಗ ನೋಡಬಹುದೇ?"

ಜೂಲಿಯನ್ ಪದಕವನ್ನು ಮುಷ್ಟಿಯಲ್ಲಿ ಮುಚ್ಚಿದ. ಪಕ್ಕದ ಬಾಗಿಲ ಕಡೆ ನೋಡಿದ. ಅಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೆಳ್ಳಿಯ ಮೇಲೆ ಕೊರೆದ ಹೆಸರು ಥಾರ್ನ್‌ಲಿ ಅಲ್ಲ, ಕಿಲ್ವಾರಾ.

* * *

ಠಾಣೆಯಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಂಡ. ಅವನಿಗೆ ಯಾವ ಪದವಿಯೂ ಇರಲಿಲ್ಲ. ದ್ವಾರಕಾನಾಥರ ಫೋನ್ ಬಂದ ಮೇಲೆ ಮುದುಕರ ಬಾಯಿ ಮುಚ್ಚಿಸಲು ಬಂದ. ಬಾಗಿಲಿಗೆ ಬೀಗವಿರಲಿಲ್ಲ. ಕರೆದರೂ ಅವರಿಗೆ ಕೇಳಿಸಲಿಲ್ಲ. ತೊಟ್ಟಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದವರನ್ನು ನೀರಿನೊಳಗೆ ಅದುಮಿ ಹಿಡಿದ. ಆಗಲೇ ಯಾಮಿನಿ ಕೂಗಿದ್ದು. ಉತ್ತರ ಬರದಿದ್ದರೆ ಅವಳು ಒಳಗೆ ಬರಬಹುದೆಂದು ಆ ಎರಡು ಮಾತು ಆಡಿದ. ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಹಯಾಮಿ ಕೇಳಿದಾಗ ಸುಮ್ಮನಿದ್ದನಂತೆ.

ಇದನ್ನು ಹಯಾಮಿ ಹೇಳಿದಾಗ ಯಾಮಿನಿ ಸಂದೀಪನ ತೋಳು ಹಿಡಿದುಕೊಂಡಳು. ಪದಕವನ್ನೇಕೆ ಹಾಕಿಕೊಂಡ ಎಂಬುದೊಂದೇ ಹಯಾಮಿಗೆ ಅರ್ಥವಾಗಿರಲಿಲ್ಲ. ನಿಜವಾದದ್ದು ಕೈಗೆ ಬಂದ ಮೇಲೆ ಸುಳ್ಳಿನದನ್ನು ಕೊರಳಿಗೆ ಹಾಕಲು ಅವನಿಂದ ಆಗಿರಲಾರದು ಎಂದಳು ಯಾಮಿನಿ.

ಡೆನಿಸರಿಗೆ ಹತ್ತಿರದವರು ಯಾರೂ ಇರಲಿಲ್ಲ. ಚಿತಾಗಾರಕ್ಕೆ ಹೋದವರು ಸಮುಚ್ಚಯದ ಜನರೇ. ದಹನದ ಮೇಲೆ ಅಲ್ಲಿನವರು ಉದ್ದನೆಯ ಕಡ್ಡಿಗಳನ್ನು ಕೊಟ್ಟು ಕ್ರಮ ವಿವರಿಸಿದರು. ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಹಿಡಿದು ಕುಡಿಕೆಗೆ ಹಾಕಬೇಕು. ಯಾಮಿನಿ ಮುಂದೆ ಹೋದಳು. ಜೊತೆಗೆ ಯಾರು ಎಂದು ಕೇಳಿದರು.

ದ್ವಾರಕಾನಾಥ ಬಂದು ಎದುರು ನಿಂತರು. ಕಡ್ಡಿ ಹಿಡಿದ ಕೈ ನಡುಗುತ್ತಿತ್ತು.

"ನಾನು ಆ ಫೋನ್ ಮಾಡದೇ ಇದ್ದಿದ್ರೆ," ಎಂದರು.

ಹೋಗಲಿ ಬಿಡಿ ಎನ್ನಲು ಯಾಮಿನಿಗೆ ಬಾಯಿ ಬರಲಿಲ್ಲ. ಮೂಳೆಯ ತನ್ನ ಕಡೆಯ ತುದಿಯನ್ನು ಕಡ್ಡಿಯಲ್ಲಿ ಗಟ್ಟಿಯಾಗಿ ಹಿಡಿದು, ಅವರ ಕೈ ನಿಲ್ಲುವವರೆಗೂ ಕಾದಳು.