ಹೆಬ್ಬೆರಳಿನ ಸಾಕ್ಷಿ

‘ಬೆಳಿಗ್ಗೆ ಹನ್ನೊಂದು ಹತ್ತರಿಂದ ನಲವತ್ತೆರಡು ನಿಮಿಷ: ಹೊಟ್ಟೆಕಿಚ್ಚು.’

ಫೋನು ಹೀಗೆ ತೋರಿಸಿದ ಕೂಡಲೇ ಪ್ರೊಫೆಸರ್ ನೀಲಾಂಬಿಕೆ ಕೊಪ್ಪದ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹನ್ನೆರಡು ದಿನದಿಂದ ಅದು ಇದೇ ರಾಗ ಹಾಡುತ್ತಿತ್ತು. ಗಿರಿಜಾ ಬಳಿಗಾರಳ ಪ್ರಬಂಧವನ್ನು ಅವರು ಓದಲು ತೆರೆದಾಗಲೆಲ್ಲ ಅದೇ ಮಾತು. ಎಂಥ ಮಾನಗೇಡಿ ಯಂತ್ರ!

ಅದು ೨೦೫೮ನೆಯ ಇಸವಿ. ಫೋನಿನಿಂದ ಮನಸ್ಥಿತಿ ಅಳೆಯುವ ಸಂಶೋಧನೆಗಳ ಸ್ಪರ್ಧೆ ಧಾರವಾಡದಲ್ಲಿ ಕೊನೆಯ ಸುತ್ತಿಗೆ ಬಂದಿತ್ತು. ಗೆದ್ದ ಸಾಧನ ರಾಜ್ಯದ ಎಲ್ಲ ಹೆರಿಗೆ ವಾರ್ಡುಗಳಿಗೆ ಹೋಗುತ್ತದೆ. ನೀಲಾಂಬಿಕೆಯವರೂ ಸೇರಿ ಮೂವರು ತೀರ್ಪುಗಾರರಿಗೂ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಸಾಧನವನ್ನು ಹದಿನೈದು ದಿನ ತಮ್ಮ ಫೋನಿನಲ್ಲೇ ಇಟ್ಟುಕೊಂಡು, ‘ಇದು ಹೇಳಿದ್ದು ನಿಜವೇ?’ ಎಂಬ ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಬೇಕು. ಸಾಧನ ಹೇಳುವುದು ಫೋನಿನ ಒಡೆಯರಿಗೆ ಬಿಟ್ಟು ಇನ್ನಾರಿಗೂ ಕಾಣದು.

ಕೊನೆಯ ಸುತ್ತಿಗೆ ಬಂದಿದ್ದ ಗಿರಿಜಾಳ ಸಾಧನ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಹೆಬ್ಬೆರಳು ಗಾಜನ್ನು ಎಷ್ಟು ಬಲವಾಗಿ ಒತ್ತಿತು, ಎರಡು ಅಕ್ಷರಗಳ ನಡುವೆ ಎಷ್ಟು ತಡೆಯಿತು, ಬರೆದದ್ದನ್ನು ಎಷ್ಟು ಸಲ ಅಳಿಸಿತು ಎಂದು ನೋಡಿ ಲೆಕ್ಕ ಕಟ್ಟುತ್ತಿತ್ತು. ಗದಗಿನ ಒಂದು ವಾರ್ಡಿನಲ್ಲಿ ನಲವತ್ತು ಬಾಣಂತಿಯರೂ ‘ಆರಾಮ ಅದೀನಿ’ ಎಂದಿದ್ದರು. ಅವರಲ್ಲಿ ಆರು ಮಂದಿಗೆ ಸಾಧನ ಅವರವರ ಫೋನಿನಲ್ಲೇ ‘ಆರಾಮ ಇಲ್ಲ’ ಎಂದು ತೋರಿಸಿತು; ಅವರು ಅದನ್ನು ವೈದ್ಯರಿಗೆ ತೋರಿಸಿದರು. ಆ ಆರೂ ಮಂದಿಗೆ ಚಿಕಿತ್ಸೆ ತುರ್ತಾಗಿ ಬೇಕಿತ್ತು.

ನೀಲಾಂಬಿಕೆಯವರಿಗೆ ಉರಿದದ್ದು ಅದಕ್ಕಲ್ಲ. ಇಪ್ಪತ್ತು ವರ್ಷದ ಹಿಂದೆ ಅವರೂ ಇಂಥದೇ ಅಧ್ಯಯನ ನಡೆಸಿದ್ದರು. ದಿನಕ್ಕೆ ಮೂರು ಸಲ ಗಂಟೆ ಬಾರಿಸಿ, ‘ಹೇಗಿದ್ದೀರಿ?’ ಎಂದು ಕೇಳಿ, ಒಂದರಿಂದ ಐದರೊಳಗಿನ ಅಂಕಿ ಒತ್ತಿಸುವುದು. ಉತ್ತರಿಸಲು ಜನ ತಡೆದ ಹೊತ್ತೂ ದಾಖಲಾಗಿತ್ತು. ಅದೆಲ್ಲ ಕಸ, ಅಳಿಸಿಬಿಡು ಎಂದು ತಮ್ಮ ವಿದ್ಯಾರ್ಥಿನಿಗೆ ಹೇಳಿದ್ದು ಅವರೇ. ಆ ವಿದ್ಯಾರ್ಥಿನಿಯೇ ಗಿರಿಜಾ. ಅಳಿಸುವ ಮುಂಚೆ ಆಕೆ ಅದನ್ನು ನೋಡಿದ್ದಳು; ಒತ್ತಿದ ಅಂಕಿಗಿಂತ ಆ ತಡೆಯೇ ನಿಜ ಹೇಳುತ್ತದೆಂದು ಅವಳಿಗೆ ಹೊಳೆದಿತ್ತು. ಈಗ ಪ್ರಬಂಧದ ಮೊದಲ ಪುಟದಲ್ಲೇ ‘ನನ್ನ ಗುರುಗಳಿಗೆ’ ಎಂದು ಬೇರೆ ಬರೆದಿದ್ದಾಳೆ! ಅದು ನನಗೆ ಹೊಳೆಯಬೇಕಿತ್ತು, ನನ್ನ ಕೈಯಲ್ಲೇ ಇತ್ತಲ್ಲ ಎಂದುಕೊಳ್ಳುತ್ತ ನೀಲಾಂಬಿಕೆ ಆ ಪುಟವನ್ನೇ ಮತ್ತೆ ಮತ್ತೆ ತೆರೆಯುತ್ತಿದ್ದರು.

ಹದಿನೈದನೆಯ ದಿನ ಗಿರಿಜಾ ಎದುರಿಗೆ ಬಂದು ಕೂತಳು. ಉಳಿದ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ‘ನಿಜ’ ಎಂದೂ ಇನ್ನೊಬ್ಬರು ‘ಶುದ್ಧ ಸುಳ್ಳು’ ಎಂದೂ ಬರೆದಾಗಿತ್ತು.

“ನಿನ್ನ ಯಂತ್ರಾ ತಪ್ಪು ಹೇಳಿದ್ರ?” ಎಂದರು ನೀಲಾಂಬಿಕೆ.

“ತಪ್ಪು ಅಂತ ಬರೀರಿ ಮೇಡಂ. ನಾನೇನು ಬ್ಯಾಸರಾ ಮಾಡ್ಕೊಳ್ಳೂದಿಲ್ಲ.”

“ನನ್ನ ಬಗ್ಗೆ ಏನ್ ಹೇಳೇತಿ ಅಂತ ಗೊತ್ತೈತೇನು ನಿನಗ?”

“ಇಲ್ರಿ. ನನಗ ಕಾಣೂದಿಲ್ಲ. ಕಾಣಬಾರದು ಅಂತನ ಹಂಗ ಕಟ್ಟೀನಿ.”

ಸುಳ್ಳು ಎಂದು ಬರೆದರೆ ಯಾರಿಗೂ ಗೊತ್ತಾಗದು. ಗಿರಿಜಾ ಮನೆಗೆ, ಸಾಧನ ಕಪಾಟಿಗೆ. ಗದಗಿನ ಆ ಆರು ಮಂದಿಯಂಥವರು ‘ಆರಾಮ ಅದೀನಿ’ ಎನ್ನುತ್ತಲೇ ಇರುತ್ತಾರೆ. ನೀಲಾಂಬಿಕೆ ಉತ್ತರದ ಹಾಳೆ ಎಳೆದುಕೊಂಡರು. ಆಮೇಲೆ ಬರೆದರು: ‘ನಿಜ. ಈ ಹುಡುಗಿಯ ಮೇಲೆ ನನಗೆ ಹದಿನೈದು ದಿನದಿಂದ ಹೊಟ್ಟೆಕಿಚ್ಚು. ಸಹಿ ಹಾಕುವಾಗಲೂ ಇದೆ.’

ಅದನ್ನು ಓದಿದ ಗಿರಿಜಾ ಕಣ್ಣೊರೆಸಿಕೊಂಡಳು.

“ಅಳಬ್ಯಾಡ,” ಎಂದರು ನೀಲಾಂಬಿಕೆ. “ನೀ ಅತ್ರ ನನಗ ಇನ್ನೂ ಸಿಟ್ಟು ಬರತೈತಿ.”

ಸಾಧನ ವಾರ್ಡುಗಳಿಗೆ ಹೋಯಿತು. ಆದರೆ ಆ ಉತ್ತರ ಓದಿದ ಸಮಿತಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಇನ್ನು ಮುಂದೆ ತೀರ್ಪುಗಾರರು ಅಂಕಪಟ್ಟಿಯ ಜೊತೆಗೆ, ಅಂಕ ಹಾಕುವ ಹೊತ್ತಿನ ತಮ್ಮ ಮನಸ್ಥಿತಿಯ ಪಟ್ಟಿಯನ್ನೂ ಲಗತ್ತಿಸಬೇಕೆಂದು ನಿಯಮ ಮಾಡಿತು. ಮರುವರ್ಷ ಅರವತ್ತು ವಿದ್ವಾಂಸರಿಗೆ ಕರೆ ಹೋಯಿತು. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಮಂಡಿನೋವು, ಮತ್ತೊಬ್ಬರಿಗೆ ವಿದೇಶ ಪ್ರವಾಸ. ಒಪ್ಪಿದವರು ನೀಲಾಂಬಿಕೆ ಒಬ್ಬರೇ.

ಇದೆಲ್ಲ ಇನ್ನೂ ಮೂರು ದಶಕ ಆಚೆಯ ಮಾತು. ಈ ಹೊತ್ತಿಗೂ ಎಲ್ಲೋ ಒಬ್ಬರು ಯಾರದೋ ಕೆಲಸಕ್ಕೆ ಹತ್ತಕ್ಕೆ ನಾಲ್ಕು ಅಂಕ ಹಾಕುತ್ತಿದ್ದಾರೆ. ಪಕ್ಕದಲ್ಲಿರುವ ಅವರ ಫೋನು ಏನನ್ನೂ ಹೇಳುವುದಿಲ್ಲ.