ಹೋದ ವರ್ಷದ ನೀರು

2025ರ ಜನವರಿ 9, ಗುರುವಾರ, ಬೆಳಿಗ್ಗೆ 8.20. ಅರಕೇರಾದ ಗಡಿಗೆಪ್ಪ ಒದ್ದೆ ಪಂಚೆಯಲ್ಲೇ ದೇವದುರ್ಗ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ಸುನಂದಾರ ಮೇಜಿನ ಮೇಲೆ ಒಂದು ಹಿಡಿ ನೆಂದ ಮೆಣಸಿನಕಾಯಿ ಇಟ್ಟ.

"ಕಾಲುವಿ ಒಡದದ್ರಿ ಮೇಡಂ. ಕಣದಾಗ ಹರವಿದ್ದೆಲ್ಲಾ ತೇಲಿ ಹೋತು."

"ಅಷ್ಟು ನೀರು ಯಾಕ ಬಿಟ್ರು?"

"ಅಳತಿ ಕಡಿಮಿ ಬಂದಿತ್ತಂತ್ರಿ."

"ಕಳಿಸಿದ್ದು ಯಾರು?"

"ಹನುಮಂತಮ್ಮ." ಗಡಿಗೆಪ್ಪ ದನಿ ತಗ್ಗಿಸಿದ. "ಆಕಿ ತೀರಿಕೊಂಡು ಏಳು ವಾರ ಆತ್ರಿ."

9.05ಕ್ಕೆ ಎಫ್‌ಐಆರ್ ಆಯಿತು. ಹನುಮಂತಮ್ಮನದು ಸಣ್ಣ ಕೆಲಸ. ದಿನಾ ಬೆಳಿಗ್ಗೆ ಕಾಲುವೆಯ ಅಳತೆಗಲ್ಲು ನೋಡಿ, ನೀರೆಷ್ಟು ಅಡಿ ಎಂದು ಮೊಬೈಲಿನಲ್ಲಿ ಒತ್ತುವುದು. ಅದು ರಾಯಚೂರಿನ ಸರ್ವರ್‌ಗೆ ಮುಟ್ಟಿದರೆ ಮೇಲಿನ ಗೇಟು ಏಳುತ್ತಿತ್ತು, ಇಳಿಯುತ್ತಿತ್ತು. ಸತ್ತ ಮೇಲೂ ಅಳತೆ ತಪ್ಪದೆ ಬರುತ್ತಿದ್ದುದರಿಂದ ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಜಾತಿಯದು ಆ ಸರ್ವರ್.

ಸ್ಥಳ ಪಂಚನಾಮೆಗೆ ಹೋದಾಗ ಮಂಜು ಕವಿದಿತ್ತು. ಹೊಲದ ತುಂಬ ನಿಂತ ನೀರಿನ ಮೇಲೆ ಕೆಂಪು ಮೆಣಸಿನಕಾಯಿ ಸದ್ದಿಲ್ಲದೆ ತೇಲುತ್ತಿದ್ದವು. ಸುನಂದಾ ಬರೆಯುವುದನ್ನೇ ಮರೆತು ನಿಂತರು. ಪಾಪದ ಕೆಲಸ, ಆದರೂ ನೋಡಲು ಎಷ್ಟು ಚೆಂದ ಅನ್ನಿಸಿ ಅವರಿಗೆ ನಾಚಿಕೆಯಾಯಿತು. ಕಾನ್‌ಸ್ಟೇಬಲ್ ಹುಸೇನಪ್ಪ ಕೆಮ್ಮಿದ. ಕಲ್ಲಿನ ಮೇಲೆ ನೀರಿನ ಗುರುತು ಆರು ಅಡಿ. ಸರ್ವರ್‌ಗೆ ಹೋದದ್ದು ಎರಡೂವರೆ.

ಮಧ್ಯಾಹ್ನ ರಾಯಚೂರಿನ ಕಚೇರಿಯಲ್ಲಿ ಆಪರೇಟರ್ ವಿನೋದ ಲಾಗ್ ತೆರೆದ.

"ನವೆಂಬರ್ 21ರಿಂದ ಇವು ಮೊಬೈಲಿನಿಂದ ಬಂದಿಲ್ಲ ಮೇಡಂ. ಯಾರೋ ಪೈಥಾನ್ ಸ್ಕ್ರಿಪ್ಟ್, ಅಂದ್ರ ಸಣ್ಣ ಕಂಪ್ಯೂಟರ್ ಪ್ರೋಗ್ರಾಮ್, ಬರದಾರ. ಅದು ತಾನಾಗೇ ಸರ್ವರ್‌ಗೆ ಅಳತಿ ಕಳಿಸ್ತದ, ಹನುಮಂತಮ್ಮನ ಪಾಸ್‌ವರ್ಡ್ ಹಾಕಿ. ಅಂಕಿ ಎಲ್ಲಾ ಹೋದ ವರ್ಷ ಅದೇ ತಾರೀಖಿಂದು."

ದಿನಾ 6.40ಕ್ಕೆ ಸರಿಯಾಗಿ. ಎರಡು ದಿನ ಮಾತ್ರ 8.10: ಡಿಸೆಂಬರ್ 1, ಡಿಸೆಂಬರ್ 30.

ಅರಕೇರಾದವನೇ ಆದ ಹುಸೇನಪ್ಪ ಬೆರಳು ಮಡಚಿದ. "ಎರಡೂ ಅಮಾಸಿ ಮೇಡಂ. ಅಮಾಸಿ ದಿನ ಹನುಮಂತಮ್ಮ ದೇವರಿಗೆ ಎಡಿ ಹಿಡದ ಮ್ಯಾಲೇ ಕಾಲುವಿಗೆ ಹೋಗಾಕಿ. ಯಾವ ಕಳ್ಳ ಅಮಾಸಿ ನೋಡ್ತಾನ್ರೀ?"

ಕಳ್ಳನಲ್ಲ, ಮನೆಯವರೇ. ಇಂಟರ್ನೆಟ್ ವಿಳಾಸ ಮಾನ್ವಿಯ ಕಂಪ್ಯೂಟರ್ ತರಬೇತಿ ಕೇಂದ್ರದ್ದು. ಅಲ್ಲಿ ಕಲಿಸುತ್ತಿದ್ದವಳು ಚಂದ್ರಕಲಾ, ಹನುಮಂತಮ್ಮನ ಒಬ್ಬಳೇ ಮಗಳು.

ಜನವರಿ 10, ಬೆಳಿಗ್ಗೆ 11.15, ಮಾನ್ವಿಯ ಕೇಂದ್ರ. ಅವಳು ಏನನ್ನೂ ಮುಚ್ಚಿಡಲಿಲ್ಲ.

"ಅಂಕಿ ಎಲ್ಲಿಂದ ತಗೊಂಡಿ?"

"ಅವ್ವನ ನೋಟ್‌ಬುಕ್‌ದಾಗಿಂದ್ರಿ."

"ಗೇಟ್ ಅದರ ಮ್ಯಾಲೆ ಏಳ್ತದಂತ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ. ಹೋದ ವರ್ಷ ಏನೂ ಆಗಿದ್ದಿಲ್ಲ. ಈ ವರ್ಷನೂ ಆಗಲಿಕ್ಕಿಲ್ಲ ಅಂದುಕೊಂಡೆ." ಅವಳು ಅಳತೊಡಗಿದಳು. "ಗಡಿಗೆಪ್ಪ ಕಾಕಾನ ಮೆಣಸಿನಕಾಯಿ..."

"ಯಾಕ ಮಾಡಿದಿ?"

ಚಂದ್ರಕಲಾ ಲ್ಯಾಪ್‌ಟಾಪ್ ತಿರುಗಿಸಿದಳು. ಪ್ರತಿ ಅಳತೆಗೂ ಸರ್ವರ್ ಒಂದು ಸಾಲಿನ ಉತ್ತರ ಕಳಿಸಿತ್ತು: 'ಹನುಮಂತಮ್ಮ ಅವರೇ, ನಿಮ್ಮ ಅಳತೆ ತಲುಪಿದೆ. ಧನ್ಯವಾದ.'

"ಹೋದ ಮ್ಯಾಲೆ ಅವ್ವನ್ನ ಹೆಸರು ಹಿಡದು ಕರಿಯೋದು ಇದೊಂದೇ ಉಳದಿತ್ರಿ."

ಸುನಂದಾ ಆ ಸಾಲನ್ನು ಓದಿ ಮುಗಿಸಿದರು. ಆಮೇಲೆ, "ಬಂದ್ ಮಾಡು," ಎಂದರು. ಅವಳೇ ಸ್ಕ್ರಿಪ್ಟ್ ನಿಲ್ಲಿಸಿದಳು. 11.50ಕ್ಕೆ ದಸ್ತಗಿರಿ.

ಲ್ಯಾಪ್‌ಟಾಪ್ ಜಪ್ತಿಯ ಪಂಚನಾಮೆಯನ್ನು ಸುನಂದಾ ತಾವೇ ಬರೆದರು. ಪರದೆಯ ಮೇಲಿದ್ದ ಕೊನೆಯ ಉತ್ತರವನ್ನು ಧನ್ಯವಾದದ ಸಮೇತ ಪೂರ್ತಿ ಇಳಿಸಿದರು.

"ಅದೂ ಬೇಕೇನ್ರೀ?" ಹುಸೇನಪ್ಪ ಕೇಳಿದ.

"ಕಂಡದ್ದೆಲ್ಲಾ ಬರೀಬೇಕು."

ಸಹಿಗೆ ಕಾಗದ ಕೊಟ್ಟಾಗ ಚಂದ್ರಕಲಾ ಆ ಸಾಲನ್ನು ಎರಡು ಸಲ ಓದಿದಳು. ಅದು ಈ ಸಲ ಮನುಷ್ಯರ ಕೈಬರಹದಲ್ಲಿತ್ತು.